ತಿದಿ ಒತ್ತುವ ಮುನ್ನ

ಹಳ್ಳಿಯ ಕುಲುಮೆಯ ಮುಂದೆ ಹೊತ್ತು ಕಳೆದವರಿಗೆ ಈ ನೋಟ ಗೊತ್ತು. ಬೂದಿ ಹೊದ್ದು ಮಲಗಿದ್ದ ಇದ್ದಿಲು, ತಿದಿ ಒತ್ತಿದ ಎರಡೇ ಉಸಿರಿಗೆ ಕೆಂಪಾಗಿ, ನಾಲ್ಕನೆಯದಕ್ಕೆ ಹಳದಿಯಾಗಿ ಉರಿಯುತ್ತದೆ. ಇದ್ದಿಲು ಅಷ್ಟೇ ಇದೆ, ಹೆಚ್ಚಾದದ್ದು ಗಾಳಿ. ಕಾರಿನ ಎಂಜಿನ್ನಿಗೆ ಟರ್ಬೊಚಾರ್ಜರನ್ನೋ ಸೂಪರ್‌ಚಾರ್ಜರನ್ನೋ ಕೂರಿಸುವವರು ಮಾಡುವುದೂ ಇದನ್ನೇ. ತನ್ನಷ್ಟಕ್ಕೆ ಎಳೆದುಕೊಂಡ ಗಾಳಿಯಲ್ಲಿ ಉಸಿರಾಡುತ್ತಿದ್ದ ಎಂಜಿನ್ನಿಗೆ ತಿದಿ ಹಚ್ಚುತ್ತಾರೆ. ಆದರೆ ಕಮ್ಮಾರ ತನ್ನ ಒಲೆಯನ್ನು ತಿದಿಗೆಂದೇ ಕಟ್ಟಿಕೊಂಡಿರುತ್ತಾನೆ. ಕಾರಿನ ಎಂಜಿನ್ನನ್ನು ಕಾರ್ಖಾನೆಯವರು ಕಟ್ಟಿದ್ದು ತಿದಿ ಇಲ್ಲದ ಬೆಂಕಿಯ ಲೆಕ್ಕಕ್ಕೆ. ಆ ಲೆಕ್ಕವನ್ನು ಮೊದಲಿಂದ ಮತ್ತೆ ಹಾಕದೆ ಗಾಳಿ ತುಂಬಿದರೆ ಒಲೆಯೇ ಒಡೆಯುತ್ತದೆ.

ನನ್ನ ಅಣ್ಣನ ಮಗ ಅಮೆರಿಕದ ಮಿಷಿಗನ್‌ನಲ್ಲಿದ್ದಾನೆ. ಅವನ ಗ್ಯಾರೇಜಿನಲ್ಲಿ 1999ರ ಮಜ್ದಾ ಎಂಎಕ್ಸ್-5 ಇದೆ. ಮಜ್ದಾ ಎಂದರೆ ನಮ್ಮ ಕಡೆ ಸ್ವರಾಜ್ ಮಜ್ದಾ ಮಿನಿ ಬಸ್ಸೇ ಕಣ್ಣ ಮುಂದೆ ಬರುತ್ತದೆ. ಇದು ಆ ಹೆಸರಿನ ಇನ್ನೊಂದು ಮುಖ: ಇಬ್ಬರೇ ಕೂರುವ, ಚಾವಣಿ ಮಡಚುವ, ಒಂದು ಟನ್ನಿನ ಆಸುಪಾಸು ತೂಗುವ ಪುಟ್ಟ ಸ್ಪೋರ್ಟ್ಸ್ ಕಾರು. 1989ರ ಫೆಬ್ರುವರಿಯಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. 2016ರ ಹೊತ್ತಿಗೆ ಈ ಹೆಸರಿನ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಇವನದರಲ್ಲಿರುವುದು 1,839 ಸಿ.ಸಿ.ಯ ನಾಲ್ಕು ಸಿಲಿಂಡರಿನ ‘ಬಿಪಿ’ ಎಂಜಿನ್. ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, 140 ಅಶ್ವಶಕ್ತಿ. ತಿರುವುಗಳಲ್ಲಿ ಈ ಕಾರಿಗೆ ಸಾಟಿಯಿಲ್ಲ, ಉದ್ದನೆಯ ನೇರ ರಸ್ತೆಯಲ್ಲಿ ಮಾತ್ರ ಇನ್ನಷ್ಟು ಬೇಕೆನಿಸುತ್ತದೆ. ಹಾಗಾಗಿ ಜಗತ್ತಿನಾದ್ಯಂತ ಇದರ ಒಡೆಯರು ಬೇಗನೆ ಬಂದು ಮುಟ್ಟುವ ಮಾತು ಟರ್ಬೊ.

ಕಳೆದ ಚಳಿಗಾಲದಲ್ಲಿ ಮೂರು ವಾರ ಅವನ ಜೊತೆಗಿದ್ದೆ. ಮೊದಲ ದಿನ ಗ್ಯಾರೇಜಿನ ಅಟ್ಟದ ಮೇಲೆ ಹೊಳೆಯುವ ಒಂದು ಟರ್ಬೊ ಕಂಡು ಕೈ ಹಾಕಿದೆ. ‘ಅದು ಬೇಡ ಚಿಕ್ಕಪ್ಪ, ಅದು ತಪ್ಪಾಗಿ ತಂದಿದ್ದು’ ಅಂದ. ರಿಯಾಯಿತಿ ಇದೆಯೆಂದು ಕೊಂಡಿದ್ದನಂತೆ, ನಾಲ್ಕು ವರ್ಷದ ಹಿಂದೆ. ತುಂಬ ದೊಡ್ಡದು. ಟರ್ಬೊ ತಿರುಗುವುದು ಎಂಜಿನ್ನು ಹೊರಬಿಡುವ ಹೊಗೆಯಿಂದ. ಇದನ್ನು ತಿರುಗಿಸುವಷ್ಟು ಹೊಗೆ ಈ ಪುಟ್ಟ ಎಂಜಿನ್ನಿನಿಂದ ಬರಬೇಕಾದರೆ 4,500 ಆರ್‌ಪಿಎಂ ದಾಟಬೇಕು. ಊರೊಳಗೆ ಓಡಿಸುವಾಗ ಅದು ಹೊಗೆಯ ದಾರಿಗೆ ಅಡ್ಡ ಕೂತ ಕಬ್ಬಿಣದ ಉಂಡೆ, ಅಷ್ಟೆ. ಈ ಸಲ ಅವನು ಶುರು ಮಾಡಿದ್ದು ನೋಟ್‌ಬುಕ್ಕಿನಿಂದ. ಮೊದಲ ಪುಟದಲ್ಲಿ ಒಂದೇ ಅಂಕೆ ಇತ್ತು: 250.

ಆ ಅಂಕೆ ಬರೆಯುವುದು ಕಾಣುವಷ್ಟು ಸುಲಭವಲ್ಲ. ‘ಎಷ್ಟು ಆಗುತ್ತೋ ಅಷ್ಟು’ ಎಂದು ಹೊರಟವನಿಗೆ ಯಾವ ಪಿಸ್ಟನ್, ಯಾವ ಇಂಜೆಕ್ಟರ್, ಯಾವ ಕ್ಲಚ್ ಎಂದು ಹೇಳಲು ಯಾರಿಂದಲೂ ಆಗದು. ಮನೆ ಕಟ್ಟುವವರು ಎಷ್ಟು ಅಂತಸ್ತು ಎಂದು ತೀರ್ಮಾನಿಸದೆ ಪಾಯ ತೋಡುವುದಿಲ್ಲ. 250 ಅಶ್ವಶಕ್ತಿ ಎಂದ ಕೂಡಲೇ ಉಳಿದದ್ದು ಲೆಕ್ಕಕ್ಕೆ ಸಿಗುತ್ತದೆ. ಪೆಟ್ರೋಲ್ ಎಂಜಿನ್ನುಗಳಲ್ಲಿ ಅಷ್ಟು ಶಕ್ತಿಗೆ ನಿಮಿಷಕ್ಕೆ ಸುಮಾರು 11 ಕೆ.ಜಿ. ಗಾಳಿ ಬೇಕು. ಹೌದು, ಗಾಳಿಯನ್ನು ಇಲ್ಲಿ ಕೆ.ಜಿ.ಯಲ್ಲೇ ಅಳೆಯಬೇಕು, ಏಕೆಂದರೆ ಪೆಟ್ರೋಲಿನ ಜೊತೆ ಉರಿಯುವುದು ಗಾಳಿಯ ತೂಕ. ಇವನ ಎಂಜಿನ್ 7,000 ಆರ್‌ಪಿಎಂನಲ್ಲಿ ತಾನಾಗಿ ಎಳೆದುಕೊಳ್ಳುವುದು ನಿಮಿಷಕ್ಕೆ 7 ಕೆ.ಜಿ.ಯಷ್ಟು. ಉಳಿದ 4 ಕೆ.ಜಿ.ಯನ್ನು ಟರ್ಬೊ ಒಳಗೆ ನೂಕಬೇಕು. ಅದಕ್ಕೆ ಹೊರಗಿನ ಗಾಳಿಯ ಒತ್ತಡದ ಮೇಲೆ ಸುಮಾರು 0.7 ಬಾರ್ ಹೆಚ್ಚು ಒತ್ತಡ ಸಾಕು. ಈ ಎರಡು ಅಂಕೆಗಳನ್ನು, ಅಂದರೆ ತೂಕವನ್ನೂ ಒತ್ತಡದ ಪ್ರಮಾಣವನ್ನೂ, ಹಿಡಿದುಕೊಂಡು ಟರ್ಬೊ ತಯಾರಕರು ಕೊಡುವ ನಕ್ಷೆಯ ಮೇಲೆ ಬೆರಳಿಟ್ಟರೆ ಯಾವ ಗಾತ್ರದ ಟರ್ಬೊ ಹಿಡಿಸುತ್ತದೆ ಎಂದು ತಿಳಿಯುತ್ತದೆ. ಅಟ್ಟದ ಮೇಲಿನದು ಆ ನಕ್ಷೆಯಲ್ಲಿ ಎಲ್ಲೋ ದೂರದಲ್ಲಿತ್ತು.

ಗಾಳಿಯ ತೂಕದ ಈ ಮಾತು ಬೆಂಗಳೂರಿನವರಿಗೆ ದಿನವೂ ತಾಗುವಂಥದು, ಗಮನಿಸುವವರು ಕಡಿಮೆ. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಊರು ಇದು. ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ನು ಮಂಗಳೂರಿನಲ್ಲಿ ಕೊಟ್ಟ ಶಕ್ತಿಯ ಹತ್ತರಲ್ಲೊಂದು ಪಾಲನ್ನು ಇಲ್ಲಿ ಕಳೆದುಕೊಳ್ಳುತ್ತದೆ. ಟರ್ಬೊ ಬೆಳೆದದ್ದೂ ಇದೇ ಕೊರತೆ ತುಂಬಲು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದ. 1918ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫರ್ಡ್ ಮಾಸ್ ವಿಮಾನದ ಲಿಬರ್ಟಿ ಎಂಜಿನ್ನೊಂದನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, 4,300 ಮೀಟರ್ ಎತ್ತರಕ್ಕೆ, ಸಾಗಿಸಿ ಟರ್ಬೊ ಕಟ್ಟಿ ಓಡಿಸಿ ತೋರಿಸಿದ. ಬೆಟ್ಟದ ಮೇಲೆ ಕಳೆದುಹೋಗಿದ್ದ ಶಕ್ತಿ ವಾಪಸು ಬಂದಿತ್ತು.

ಇನ್ನು ಶಾಖ. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲ ಪಂಪಿನ ಬುಡ ಮುಟ್ಟಿ ಕೈ ಹಿಂದಕ್ಕೆಳೆದಿದ್ದಾರೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಹೊರಗೆ 27 ಡಿಗ್ರಿ ಇದ್ದ ಗಾಳಿಯನ್ನು 0.7 ಬಾರ್ ಹೆಚ್ಚುವರಿ ಒತ್ತಡಕ್ಕೆ ಏರಿಸಿದರೆ, ಶೇಕಡ 70 ದಕ್ಷತೆಯ ಕಂಪ್ರೆಸರಿನಿಂದ ಹೊರಬರುವಾಗ ಅದು 97 ಡಿಗ್ರಿ ಮುಟ್ಟಿರುತ್ತದೆ. ಬಿಸಿ ಗಾಳಿ ಹಗುರ, ಹಾಗಾಗಿ ತೂಕದ ಲೆಕ್ಕವೇ ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದು ಸಿಲಿಂಡರಿನೊಳಗೆ ಕಾದಿರುತ್ತದೆ. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಉರಿ ಮೂಲೆ ತಲುಪುವ ಮೊದಲೇ, ಮೂಲೆಯಲ್ಲಿರುವ ಬಿಸಿ ಮಿಶ್ರಣ ತಾನಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವ ಸದ್ದು ಅದೇ. ಟರ್ಬೊ ಇಲ್ಲದ ಎಂಜಿನ್ನು ಘಾಟಿ ಏರುವಾಗ ಸ್ವಲ್ಪ ಕಟಗುಟ್ಟಿ ಸುಮ್ಮನಾಗುತ್ತದೆ. ಟರ್ಬೊ ಇರುವಾಗ ಅದೇ ಸದ್ದು ಕೆಲವೇ ಕ್ಷಣಗಳಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚನ್ನು ಒಡೆದುಹಾಕಬಲ್ಲುದು. ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಕಿಡಿಯನ್ನು ತುಸು ತಡವಾಗಿ ಹಾರಿಸುವ ಕಂಪ್ಯೂಟರ್, ಧಾರಾಳವಾದ ಪೆಟ್ರೋಲು, ಇವೆಲ್ಲ ಇದರಿಂದ ತಪ್ಪಿಸಿಕೊಳ್ಳುವ ದಾರಿಗಳು.

ಈ ಪಾಠವನ್ನು ಕಾರು ಕಂಪನಿಗಳೂ ಕಷ್ಟಪಟ್ಟೇ ಕಲಿತವು. 1962ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಎರಡು ಟರ್ಬೊ ಕಾರುಗಳನ್ನು ಒಂದೇ ವರ್ಷ ಮಾರುಕಟ್ಟೆಗೆ ಬಿಟ್ಟಿತು. ಷೆವ್ರೊಲೆಯ ಕಾರ್ವೇರ್ ಸ್ಪೈಡರ್‌ನ ಎಂಜಿನಿಯರುಗಳು ಕಂಪ್ರೆಷನ್ ರೇಷಿಯೊವನ್ನು, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಅಂಕೆಯನ್ನು, 8ಕ್ಕೆ ಇಳಿಸಿ ಟರ್ಬೊಗೆ ಜಾಗ ಮಾಡಿಕೊಟ್ಟರು. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್‌ನವರು 10.25ನ್ನೇ ಉಳಿಸಿಕೊಂಡರು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಸಿಂಪಡಿಸುವ ಏರ್ಪಾಡು ಮಾಡಿದರು. ಅದಕ್ಕೊಂದು ಬೇರೆ ಡಬ್ಬಿ, ಅದನ್ನು ತುಂಬಿಸುವುದು ಒಡೆಯನ ಕೆಲಸ. ಒಡೆಯರು ಮರೆತರು. ದ್ರವ ಮುಗಿದಾಗ ಟರ್ಬೊ ಸುಮ್ಮನಾಗುತ್ತಿತ್ತು, ಕಾರು ನಿಧಾನವಾಗುತ್ತಿತ್ತು, ದೂರು ಬರುತ್ತಿತ್ತು. ಎರಡು ವರ್ಷಕ್ಕೇ ಜೆಟ್‌ಫೈರ್ ನಿಂತಿತು, ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಬಿಚ್ಚಿ ಕಾರ್ಬುರೇಟರ್ ಹಾಕಿಸಲಾಯಿತು. ಆಮೇಲಿನವರು ಇನ್ನೊಂದು ತುದಿಗೆ ಹೋದರು. 1975ರ ಪೋರ್ಷೆ 911 ಟರ್ಬೊದಲ್ಲಿ ಆ ಅಂಕೆ ಬರೀ 6.5. ಎಂಜಿನ್ನು ಸುರಕ್ಷಿತ, ಆದರೆ ಟರ್ಬೊ ಎಚ್ಚರಗೊಳ್ಳುವವರೆಗೆ ಕಾರು ತೂಕಡಿಸುತ್ತಿತ್ತು.

ಇವನ ಎಂಜಿನ್ನಿನದು ಕಾರ್ಖಾನೆಯಿಂದ 9.5. ಇಳಿಸಬೇಕೇ, ಎಷ್ಟಕ್ಕೆ? ನಾವು ಅತಿ ಹೆಚ್ಚು ಹೊತ್ತು ಮಾತಾಡಿದ್ದು ಇದರ ಮೇಲೆಯೇ. ಉತ್ತರದ ಅರ್ಧ ಭಾಗ ಪೆಟ್ರೋಲ್ ಬಂಕಿನಲ್ಲಿದೆ. ಅವನ ಊರಿನಲ್ಲಿ 93 ಆಕ್ಟೇನಿನ ಪೆಟ್ರೋಲ್ ಸಿಗುತ್ತದೆ. ನಮ್ಮ ಬಂಕುಗಳ ಪ್ರೀಮಿಯಂ ಪೆಟ್ರೋಲಿನದು 95 ಅಲ್ಲವೇ, ನಮ್ಮದೇ ಮೇಲು ಎಂದು ಯಾರಿಗಾದರೂ ಅನಿಸುತ್ತದೆ. ಅಮೆರಿಕದವರು ಎರಡು ಬಗೆಯ ಪರೀಕ್ಷೆಗಳ ಸರಾಸರಿ ಬರೆಯುತ್ತಾರೆ, ನಾವು ಅದರಲ್ಲಿ ಹೆಚ್ಚು ಅಂಕ ಕೊಡುವ ಒಂದನ್ನಷ್ಟೇ ಬರೆಯುತ್ತೇವೆ. ಅವರ 93 ನಮ್ಮ ಅಳತೆಯಲ್ಲಿ 98ರ ಹತ್ತಿರ ನಿಲ್ಲುತ್ತದೆ. ಆದ್ದರಿಂದ ಅಲ್ಲಿನವರು ಹೇಳಿದ ಒತ್ತಡದ ಅಂಕೆಯನ್ನು ನೋಡಿಕೊಂಡು ಇಲ್ಲಿ ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿ ಓಡಿಸಿದರೆ ಎಂಜಿನ್ ಉಳಿಯುವ ಭರವಸೆ ಇಲ್ಲ. ನಮ್ಮ ಹುಡುಗರಲ್ಲಿ ಇದನ್ನು ತಿಳಿಯದೆ ಕೈಸುಟ್ಟುಕೊಳ್ಳುವವರಿದ್ದಾರೆ ಎಂಬ ಆತಂಕದಿಂದಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಉತ್ತರದ ಇನ್ನರ್ಧ ಅವನ ಜೇಬಿನಲ್ಲಿತ್ತು. ಈ ವರ್ಷ ಎಂಜಿನ್ ಕೆಲಸ, ಮುಂದಿನ ವರ್ಷ ಟರ್ಬೊ ಎಂಬುದು ಅವನ ಯೋಜನೆ. ನಡುವಿನ ಒಂದು ವರ್ಷ ಕಾರು ತಿದಿ ಇಲ್ಲದೆ ಓಡಬೇಕು. 8ಕ್ಕೆ ಇಳಿಸಿದರೆ ಆ ವರ್ಷವೆಲ್ಲ ಸಪ್ಪೆ. 10.5ಕ್ಕೆ ಏರಿಸಿದರೆ ಈ ವರ್ಷ ಚುರುಕು, ಮುಂದಿನ ವರ್ಷ ಪಿಸ್ಟನ್ ಬಿಸಾಡಬೇಕು. 9ಕ್ಕೆ ನಿಂತೆವು. ಇದೇ ತಕ್ಕಡಿಯಲ್ಲಿ ಉಳಿದ ಖರ್ಚುಗಳನ್ನೂ ತೂಗಿದೆವು. ಚಂದದ ಉದ್ದ ಕೊಳವೆಗಳ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಟರ್ಬೊ ಬಂದ ದಿನ ಮೂಲೆಗೆ ಹೋಗುತ್ತದೆ, ಬೇಡ. ಇನ್‌ಟೇಕ್, ಎಕ್ಸಾಸ್ಟ್ ವಾಲ್ವುಗಳೆರಡೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿರುವಂಥ ರೇಸಿನ ಕ್ಯಾಮ್ ಟರ್ಬೊಗೆ ಒಗ್ಗುವುದಿಲ್ಲ, ಬೇಡ. ರೇಡಿಯೇಟರ್, ಕ್ಲಚ್, ಬೇಕಾದಂತೆ ತಿದ್ದಬಹುದಾದ ಇಸಿಯು (ಎಂಜಿನ್ನಿನ ಕಂಪ್ಯೂಟರ್), ದೊಡ್ಡ ಇಂಜೆಕ್ಟರುಗಳು ಎರಡೂ ವರ್ಷಕ್ಕೆ ಬೇಕು, ಮೊದಲು ಅವೇ ಬರಲಿ. ಇಂಜೆಕ್ಟರು ಏಕೆ ದೊಡ್ಡದಿರಬೇಕೆಂದರೆ, ನಿಮಿಷಕ್ಕೆ 11 ಕೆ.ಜಿ. ಗಾಳಿಗೆ ಸುಮಾರು 1.3 ಲೀಟರ್ ಪೆಟ್ರೋಲ್ ಬೇಕು. ಒಂದು ಲೀಟರಿನ ನೀರಿನ ಬಾಟಲಿಯನ್ನು ಒಂದು ನಿಮಿಷ ತುಂಬುವ ಮೊದಲೇ ಬರಿದು ಮಾಡಿದಷ್ಟು. ಸಾಮಾನ್ಯವಾಗಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಇದ್ದರೆ ಸರಿ, ಟರ್ಬೊ ಒತ್ತಿ ಹಿಡಿದಾಗ 11.5ರಷ್ಟಕ್ಕೆ ಇಳಿಸುತ್ತಾರೆ. ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತ ಶಾಖವನ್ನು ಹೀರಿಕೊಳ್ಳುತ್ತದೆ.

ಇಷ್ಟಾದರೂ ಎಂಜಿನ್ ಬಿಚ್ಚಲೇಬೇಕಿತ್ತೇ? 200 ಅಶ್ವಶಕ್ತಿ ಸಾಕೆನ್ನುವವನ ಎಂಜಿನ್ ಆರೋಗ್ಯವಾಗಿದ್ದರೆ ಬಿಚ್ಚಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರ್ಖಾನೆಯ ಜೋಡಣೆಯಷ್ಟು ಶುದ್ಧ ಜೋಡಣೆ ಮನೆಯಲ್ಲಿ ಸಿಗುವುದು ಕಷ್ಟ. ಮಜ್ದಾ ಕಂಪನಿಯೇ 2004ರಲ್ಲಿ ಇದೇ ಎಂಜಿನ್ನಿಗೆ, 9.5ರ ಅಂಕೆಯನ್ನು ಮುಟ್ಟದೆ, ಸಣ್ಣ ಟರ್ಬೊ ಹಾಕಿ 178 ಅಶ್ವಶಕ್ತಿಯ ಮಜ್ದಾಸ್ಪೀಡ್ ಎಂಎಕ್ಸ್-5 ಮಾರಿತು. ಆರೋಗ್ಯ ತಿಳಿಯಲು ನಾಲ್ಕೂ ಪ್ಲಗ್ ಬಿಚ್ಚಿ ಒತ್ತಡದ ಮೀಟರ್ ಹಚ್ಚಿದೆವು. ಮೂರು ಸಿಲಿಂಡರುಗಳಲ್ಲಿ ಮುಳ್ಳು 175 ಪಿಎಸ್‌ಐ ಆಸುಪಾಸು ನಿಂತಿತು, ಮೂರನೆಯ ನಂಬರಿನದರಲ್ಲಿ ಮಾತ್ರ 150. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ 170ಕ್ಕೆ ಏರಿತು. ಎಣ್ಣೆ ಮುಚ್ಚಬಲ್ಲ ಸಂದು ರಿಂಗಿನದೇ, ವಾಲ್ವಿನದಾಗಿದ್ದರೆ ಮುಳ್ಳು ಅಲುಗುತ್ತಿರಲಿಲ್ಲ. ರಿಂಗ್ ಹೋಗಿದೆ ಎಂದರೆ ಎಂಜಿನ್ ಇಳಿಸಲೇಬೇಕು. ಇಳಿಸಿದ ಮೇಲೆ ಒಳಗಿನದನ್ನು ಗಟ್ಟಿ ಮಾಡದೆ ಮುಚ್ಚುವುದು ಜಾಣತನವಲ್ಲ.

ಒಳಗೆ ಎಲ್ಲಕ್ಕಿಂತ ದುರ್ಬಲ ಕನೆಕ್ಟಿಂಗ್ ರಾಡ್. ಬಿಪಿ ಎಂಜಿನ್ನಿನಲ್ಲಿ ಟಾರ್ಕ್ 310 ನ್ಯೂಟನ್ ಮೀಟರಿನ ಹತ್ತಿರ ಹೋದರೆ ಮೂಲ ರಾಡುಗಳು ಬಾಗತೊಡಗುತ್ತವೆ ಎಂಬುದು ಇವುಗಳನ್ನು ಓಡಿಸಿದವರ ಅನುಭವ. ಇಲ್ಲಿ ಒಂದು ವಿಷಯ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ವೇಗ ರಾಡನ್ನು ಎಳೆಯುತ್ತದೆ, ಒತ್ತಡ ಅದನ್ನು ಅದುಮುತ್ತದೆ. ಹೊಗೆ ಹೊರಹಾಕಿ ಪಿಸ್ಟನ್ ತುದಿ ಮುಟ್ಟಿದಾಗ ಅದನ್ನು ತಡೆದು ಹಿಂದಕ್ಕೆಳೆಯುವುದು ರಾಡು ಮತ್ತು ಅದರ ಬೋಲ್ಟುಗಳು. ಈ ಎಳೆತ ವೇಗದ ವರ್ಗದಷ್ಟು ಬೆಳೆಯುತ್ತದೆ: 6,000ದಿಂದ 7,200 ಆರ್‌ಪಿಎಂಗೆ ಏರಿದರೆ ವೇಗ ಹೆಚ್ಚಿದ್ದು ಶೇಕಡ 20, ಎಳೆತ ಶೇಕಡ 44. ಟರ್ಬೊದ ಒತ್ತಡ ಬೇರೆ ಗಳಿಗೆಯಲ್ಲಿ, ಸ್ಫೋಟದ ಹೊತ್ತಿನಲ್ಲಿ, ಮೇಲಿಂದ ಗುದ್ದುತ್ತದೆ. ಹಾಗಾಗಿ ರಾಡು ಬಾಗಿಸುವುದು ಮೀಟರಿನ ಕೆಂಪು ಗೆರೆಯ ಓಟಕ್ಕಿಂತ ಹೆಚ್ಚಾಗಿ 3,500 ಆರ್‌ಪಿಎಂನಲ್ಲಿ, ಎತ್ತರದ ಗೇರಿನಲ್ಲಿ, ಆಕ್ಸಿಲರೇಟರ್ ತುಳಿದು ಪಡೆದ ದಿಢೀರ್ ಟಾರ್ಕ್. ಅವನು ಫೋರ್ಜ್ ಮಾಡಿದ ರಾಡು, ಪಿಸ್ಟನ್ನುಗಳನ್ನು ತರಿಸಿದ.

ಬ್ಲಾಕನ್ನು ಬೋರ್ ಮಾಡಲು ಒಯ್ದ ಅಂಗಡಿಯ ಹಿರಿಯರು ಮುಟ್ಟಲೇ ಇಲ್ಲ. ಪಿಸ್ಟನ್ ಕೈಗೆ ಕೊಡಿ, ಅದನ್ನು ಅಳೆದ ಮೇಲೆ ಬೋರ್ ಎಂದರು. ನನಗೆ ನಮ್ಮೂರಿನ ಗ್ಯಾರೇಜು ನೆನಪಾಯಿತು. ಅಂಬಾಸಿಡರ್ ಕಾರಿಗೆ ಓವರ್‌ಸೈಜ್ ಪಿಸ್ಟನ್ ತಂದು ಪೊಟ್ಟಣ ಬಿಚ್ಚಿ ಲೇತಿನವರ ಮೇಜಿನ ಮೇಲಿಟ್ಟರೆ ಮಾತ್ರ ಅಲ್ಲೂ ಕೆಲಸ ಶುರುವಾಗುತ್ತಿತ್ತು. ಫೋರ್ಜ್ ಪಿಸ್ಟನ್ನುಗಳಲ್ಲಿ ಇದು ಇನ್ನೂ ಮುಖ್ಯ. ಸಿಲಿಕಾನ್ ಕಡಿಮೆ ಇರುವ 2618 ಮಿಶ್ರಲೋಹದ್ದು ಏಟು ತಾಳುತ್ತದೆ, ಆದರೆ ಕಾದಾಗ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ತಣ್ಣಗಿರುವಾಗ ಹೆಚ್ಚು ಸಂದು ಬೇಕು. ಬೆಳಗಿನ ಚಳಿಯಲ್ಲಿ ಎಂಜಿನ್ ಬಿಸಿಯಾಗುವವರೆಗೆ ಟಕಟಕ ಎನ್ನುವುದು ಅದರಿಂದಲೇ. ಸಿಲಿಕಾನ್ ಹೆಚ್ಚಿರುವ 4032 ಅಷ್ಟು ಹಿಗ್ಗದು, ಅಷ್ಟು ತಾಳುವುದೂ ಇಲ್ಲ.

ರಿಂಗ್ ಕೂರಿಸಿದ ಸಂಜೆಯನ್ನು ನಾನು ಮರೆಯಲಾರೆ. ಬ್ಲಾಕ್ ಬೋರ್ ಆಗಿ 83.5 ಮಿ.ಮೀ.ಗೆ ಬಂದಿತ್ತು. ರಿಂಗೊಂದನ್ನು ಕೈಯಲ್ಲೇ ಬಾಗಿಸಿ ಸಿಲಿಂಡರಿನೊಳಗೆ ಇಳಿಸಿ, ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರಿಂದ ಮೆಲ್ಲಗೆ ಒತ್ತಿ ಸಮಮಟ್ಟಕ್ಕೆ ತಂದ. ರಿಂಗಿನ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜಿನ ಎಲೆ ತೂರಿಸಿದ. ಟರ್ಬೊ ಇಲ್ಲದ ಎಂಜಿನ್ನಿಗೆ ಬೋರಿನ ಸಾವಿರದಲ್ಲಿ ನಾಲ್ಕು ಪಾಲು ಸಂದು ಸಾಕು, 0.33 ಮಿ.ಮೀ. ಅವನು ಆರಿಸಿಕೊಂಡದ್ದು ಸಾವಿರದಲ್ಲಿ ಐದು, 0.42. ನಡುವಿನ ವ್ಯತ್ಯಾಸ ಒಂದು ಕೂದಲೆಳೆಯಷ್ಟು. ಟರ್ಬೊ ಓಡುವಾಗ ರಿಂಗು ಹೆಚ್ಚು ಕಾಯುತ್ತದೆ, ಕಾದು ಉದ್ದವಾಗುತ್ತದೆ. ಸಂದು ಸಾಲದೆ ತುದಿಗೆ ತುದಿ ತಾಗಿದರೆ ರಿಂಗಿಗೆ ಹೋಗಲು ಜಾಗವಿಲ್ಲ. ಗೋಡೆಗೆ ಕಚ್ಚಿಕೊಳ್ಳುತ್ತದೆ, ಪಿಸ್ಟನ್ನಿನ ಅಂಚು ಕಿತ್ತುಬರುತ್ತದೆ. ಅವನು ಒಂದೇ ತುದಿಯನ್ನು, ಹೊರಗಿನಿಂದ ಒಳಕ್ಕೆ, ಎರಡೆರಡು ಬಾರಿ ಅರದಲ್ಲಿ ಉಜ್ಜಿ, ಸಾಣೆಕಲ್ಲಿನಲ್ಲಿ ಅಂಚು ಸವರಿ, ಮತ್ತೆ ಇಳಿಸಿ ಅಳೆಯುತ್ತಿದ್ದ. ಉಜ್ಜಿದ್ದು ಹೆಚ್ಚಾದರೆ ರಿಂಗು ಬಿಸಾಡಬೇಕು. ಎಂಟು ರಿಂಗಿಗೆ ನಾಲ್ಕು ಗಂಟೆ ಹಿಡಿಯಿತು. ಹೊರಗೆ ಹಿಮ ಬೀಳುತ್ತಿತ್ತು. ಇಬ್ಬರಿಗೂ ಮಾತು ಬೇಕಿರಲಿಲ್ಲ.

ನೀರಿನ ದಾರಿಯನ್ನೂ ಬದಲಿಸಿದೆವು. ಬಿಪಿ ಎಂಜಿನ್ನು ಹುಟ್ಟಿದ್ದು ಮುಂದಿನ ಚಕ್ರ ಎಳೆಯುವ, ಎಂಜಿನ್ ಅಡ್ಡಲಾಗಿ ಕೂರುವ ಕಾರುಗಳಿಗೆ. ಅಲ್ಲಿ ಬಿಸಿ ನೀರು ಹೆಡ್ಡಿನ ಹಿಂಬದಿಯಿಂದ ಹೊರಬರುತ್ತಿತ್ತು, ನಾಲ್ಕೂ ಸಿಲಿಂಡರುಗಳನ್ನು ಸವರಿಕೊಂಡು. ಸ್ಪೋರ್ಟ್ಸ್ ಕಾರಿನಲ್ಲಿ ಉದ್ದುದ್ದ ಕೂರಿಸುವಾಗ ಥರ್ಮೋಸ್ಟಾಟನ್ನು ಮುಂದಕ್ಕೆ ತಂದರು. ನೀರು ಮುಂದಿನಿಂದ ಹೊಕ್ಕು ಮುಂದಿನಿಂದಲೇ ಹೊರಡುವುದರಿಂದ ಹಿಂದಿನ ಸಿಲಿಂಡರಿಗೆ ತಂಪು ಕಡಿಮೆ. 140 ಅಶ್ವಶಕ್ತಿಗೆ ಇದು ನಡೆಯುತ್ತದೆ, 250ಕ್ಕೆ ನಡೆಯುವುದಿಲ್ಲ. ಹಾಗಾಗಿ ನೀರು ಮತ್ತೆ ಹಿಂಬದಿಯಿಂದ ಹೊರಡುವ ಹಾಗೆ ಕೊಳವೆ ಜೋಡಿಸಿದ. ಆಯಿಲ್ ಪಂಪಿನ ಗೇರುಗಳೂ ಬದಲಾದವು. ಮೂಲದವು ಲೋಹದ ಪುಡಿಯನ್ನು ಒತ್ತಿ ಮಾಡಿದವು, ಹೆಚ್ಚು ವೇಗದ ಕಂಪನಕ್ಕೆ ಸೀಳುವುದುಂಟು.

ನಮ್ಮಲ್ಲಿ ಇದನ್ನೆಲ್ಲ ಮಾಡಹೊರಡುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ಮೊದಲು ಓದಬೇಕು. ತಯಾರಕರು ಕೊಟ್ಟ, ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದಕ್ಕೆ ಅಲ್ಲಿ ತಡೆ ಇದೆ. ರೇಸ್ ಟ್ರ್ಯಾಕಿಗೆಂದೇ ಮೀಸಲಿಟ್ಟ ಗಾಡಿಯ ಮಾತು ಬೇರೆ.

ಎಂಜಿನ್ ಮುಚ್ಚುವ ಮುನ್ನ ಒಂದು ಕೆಲಸ ಉಳಿದಿತ್ತು. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವ ಟರ್ಬೊದ ದಂಡ ಎಣ್ಣೆಯ ಮೇಲೆ ತೇಲುತ್ತದೆ. ಆ ಎಣ್ಣೆ ತನ್ನ ಭಾರದಿಂದಲೇ ಇಳಿದು ಎಂಜಿನ್ನಿನ ತಳದ ತಟ್ಟೆಗೆ ವಾಪಸಾಗಬೇಕು. ಅದಕ್ಕೆ ತಟ್ಟೆಯಲ್ಲಿ ಒಂದು ಬಾಯಿ ಬೇಕು. ಮುಂದಿನ ವರ್ಷ, ಎಂಜಿನ್ ಕಾರಿನಲ್ಲಿರುವಾಗ ಕೊರೆದರೆ ಲೋಹದ ಪುಡಿ ಒಳಗೆ ಬಿದ್ದು, ಇಷ್ಟು ಜತನದಿಂದ ಕೂರಿಸಿದ ಬೇರಿಂಗುಗಳನ್ನು ಗೀರುತ್ತದೆ. ‘ಈಗಲೇ ಮಾಡಿಸಿಬಿಡ್ತೀನಿ ಚಿಕ್ಕಪ್ಪ’ ಎಂದು ತಟ್ಟೆಯನ್ನು ಹೊತ್ತೊಯ್ದು ಬಾಯಿ ಕೊರೆಸಿ, ಬೆಸುಗೆ ಹಾಕಿಸಿ, ತೊಳೆದು ತಂದ.

ನಾನು ಹೊರಡುವ ಹಿಂದಿನ ದಿನ ಎಂಜಿನ್ ಓಡಿತು. ಮುಂದಿನ ವರ್ಷದವರೆಗೆ ತಿದಿ ಇಲ್ಲದ ಓಟ, ಹೊಸ ರಿಂಗು ಪಳಗುವುದಕ್ಕೂ ಅದೇ ಸರಿ. ಚಳಿಗೆ ಪಿಸ್ಟನ್ನುಗಳು ಸ್ವಲ್ಪ ಹೊತ್ತು ಟಕಟಕ ಎಂದು, ಬಿಸಿಯಾಗುತ್ತ ಸದ್ದಡಗಿದವು. ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿ ಸೋರಿಕೆ ಇದೆಯೇ ನೋಡಿದೆ. ಎಲ್ಲೂ ಇರಲಿಲ್ಲ. ತಟ್ಟೆಯ ಬದಿಯಲ್ಲಿ, ಮುಂದಿನ ವರ್ಷದ ಆ ಬಾಯಿಗೆ, ಸದ್ಯಕ್ಕೆ ಒಂದು ಹಿತ್ತಾಳೆಯ ಬಿರಡೆ ತಿರುಗಿಸಿ ಬಿಗಿದಿತ್ತು.